ಕೊಡೆ, ಮೊಟ್ಟೆ, ಚೀಟಿ: ನಮ್ಮ ಪ್ರೌಢಶಾಲೆಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಗೌರವಿಸಲು ಕಲಿತದ್ದು

“ಇದೆಲ್ಲ ಆಗೋ ಮಾತಲ್ಲ, ಫೋಟೋ ತೆಗೆದು ಮೇಲಕ್ಕೆ ಕಳಿಸಿ ಸುಮ್ಮನಿರಿ” ಎಂದವರೇ ಈ ವರ್ಷ, ಮಕ್ಕಳು ಬೆರೆಯಲೆಂದು ಚೀಟಿ ಎತ್ತಿ ಮಾಡಿದ ನಮ್ಮ ತಂಡಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆ ಕೊಡಗಿನ ವಿರಾಜಪೇಟೆ ಕಡೆಯದು. 8ರಿಂದ 10ರವರೆಗೆ ಹೆಚ್ಚುಕಡಿಮೆ 140 ಮಕ್ಕಳು. ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಬ್ಯಾರಿ, ತುಳು, ಯರವ, ಈಚೆಗೆ ತೋಟದ ಕೂಲಿಯವರ ಲೈನ್‌ಮನೆಗಳಿಗೆ ಬಂದ ಅಸ್ಸಾಂ ಕಡೆಯವರ ಬಂಗಾಳಿ. ನಾಗರಿಕ ಮೌಲ್ಯದ ಪಾಠ ಪುಸ್ತಕದಲ್ಲಿದೆ, ಪರೀಕ್ಷೆಗೂ ಬರುತ್ತದೆ. ಅದನ್ನು ಬರೆದು ಐದಕ್ಕೆ ಐದು ತೆಗೆದವನೇ ಊಟದ ಸಾಲಿನಲ್ಲಿ ಪಕ್ಕದವನನ್ನು “ಏ ಲೈನು” ಅಂತ ಕರೆಯುತ್ತಾನೆ.

ಮೊದಲು ಕೆಟ್ಟದ್ದರ ಲೆಕ್ಕ. ಬಡಗಿಗೆ 600 ರೂಪಾಯಿ ಕೊಟ್ಟು ದೂರು ಪೆಟ್ಟಿಗೆ ಮಾಡಿಸಿದೆವು. ಮೂರು ವಾರದಲ್ಲಿ ಅರವತ್ತರಷ್ಟು ಚೀಟಿ ಬಿದ್ದವು, ಅರ್ಧಕ್ಕರ್ಧ ಸಿನಿಮಾ ಡೈಲಾಗು. ಉಳಿದವನ್ನು ತರಗತಿಯಲ್ಲಿ ಓದಿದ್ದೇ ತಪ್ಪಾಯಿತು. ಮಾತಿನ ಧಾಟಿಯಿಂದಲೇ ಬರೆದವರು ಯಾರೆಂದು ತಿಳಿದು ಬಸ್‌ಸ್ಟಾಪಿನಲ್ಲಿ ಗುದ್ದು ಬಿತ್ತು. ಈಗ ಆ ಪೆಟ್ಟಿಗೆಯಲ್ಲಿ ಚಾಕ್‌ಪೀಸ್ ಇದೆ.

ಶಾಲಾ ಸಂಸತ್ತಿಗೆ ಮೊಬೈಲನ್ನೇ ಮತಯಂತ್ರವಾಗಿ ಇಟ್ಟು ಚುನಾವಣೆ ಮಾಡಿದೆವು. ಮತ ಬಿದ್ದದ್ದು ಬಸ್ ರೂಟಿನ ಲೆಕ್ಕದಲ್ಲಿ. ಒಂದೇ ಬಸ್ಸಿನ ಮೂವತ್ತು ಮಕ್ಕಳು ಸೇರಿ ಒಬ್ಬನನ್ನು ಪ್ರಧಾನಿ ಮಾಡಿದರು, ಅವನು ತನ್ನ ಬಸ್ಸಿನವರನ್ನೇ ಮಂತ್ರಿ ಮಾಡಿದ. ಸಂಸತ್ತು ಈಗಲೂ ಇದೆ, ದಾಖಲೆಗೆ. ಸಂವಿಧಾನದ ಪೀಠಿಕೆ ಓದುವುದೂ 2023ರಿಂದ ಕಡ್ಡಾಯವಾಯಿತಲ್ಲ, ಎರಡೇ ವಾರಕ್ಕೆ ಮಗ್ಗಿಯ ರಾಗ ಹಿಡಿಯಿತು. ಈಗ ಸೋಮವಾರ ಒಂದು ತಂಡ ಪೀಠಿಕೆಯ ಒಂದೇ ಪದ ಹಿಡಿದು, ಹಿಂದಿನ ವಾರ ಶಾಲೆಯಲ್ಲಿ ಅದು ಎಲ್ಲಿ ತಪ್ಪಿತು ಅಂತ ಹೇಳಬೇಕು. “ಅವಕಾಶ ಸಮಾನತೆ” ಬಂದ ದಿನ ಹುಡುಗಿಯರು ಆಟದ ಮೈದಾನದ ಲೆಕ್ಕ ತೆಗೆದರು. ಪಿ.ಟಿ. ಮೇಷ್ಟ್ರು ತಲೆ ಕೆರೆದುಕೊಂಡರು.

ಕೈಹಿಡಿದದ್ದು ಚೀಟಿ ಎತ್ತಿ ಮಾಡಿದ ಕೆಲಸದ ತಂಡ. ತರಗತಿಗೊಂದರಂತೆ ಮೂರು ಡಬ್ಬಿ, ಹುಡುಗಿಯರ ಹೆಸರು ಹಳದಿ ಚೀಟಿ, ಹುಡುಗರದು ಬಿಳಿ. 8ರಿಂದ ಮೂವರು, 9ರಿಂದ ಇಬ್ಬರು, 10ರಿಂದ ಇಬ್ಬರು, ಒಟ್ಟು ಏಳು. ಮೊದಲ ವರ್ಷ ಐದೈದು ಮಾಡಿ ಕೈ ಸುಟ್ಟುಕೊಂಡೆವು. ಕಾಫಿ ಕುಯ್ಲು ಶುರುವಾದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಇಬ್ಬರು ಮನೆಯಲ್ಲೇ ಉಳಿಯುತ್ತಾರೆ, ಮಿಕ್ಕ ಮೂವರು ಕೆಲಸ ಬಿಟ್ಟು ಕೂರುತ್ತಾರೆ. ಏಳಿದ್ದರೆ ನಡೆಯುತ್ತದೆ. ತಂಡ ಬದಲಾಗುವುದು ಆರು ವಾರಕ್ಕೆ. ನಾಲ್ಕು ವಾರಕ್ಕೆ ಬದಲಿಸಿದರೆ ಆಗಷ್ಟೇ ಮಾತು ಶುರುವಾಗಿರುತ್ತದೆ. ಒಂದೇ ಬಸ್ಸಿನ ನಾಲ್ವರು ಒಂದೇ ತಂಡಕ್ಕೆ ಬೀಳದಂತೆ ಚೀಟಿ ಮಡಿಸುವುದರಲ್ಲಿ ಒಂದು ಕೈಚಳಕ ಇದೆ. ಅದನ್ನಿಲ್ಲಿ ಬರೆಯುವುದಿಲ್ಲ, ನಮ್ಮ ಮಕ್ಕಳೂ ಓದುತ್ತಾರೆ.

ಇಪ್ಪತ್ತು ತಂಡ, ವಾರಕ್ಕೆ ಹತ್ತಕ್ಕೆ ಕೆಲಸ: ಬಡಿಸಲು ನಾಲ್ಕು, ನಲ್ಲಿ ಸಾಲಿಗೆ ಎರಡು, ಕುಡಿಯುವ ನೀರು, ಗ್ರಂಥಾಲಯ, ಪ್ರಾರ್ಥನೆ ಮತ್ತು ಗಂಟೆ, ಕೊಡೆ ಜಗಲಿ ಒಂದೊಂದು. ಶೌಚಾಲಯ ಪಟ್ಟಿಯಲ್ಲಿಲ್ಲ. ಮಕ್ಕಳಿಂದ ಅದನ್ನು ಮಾಡಿಸುವ ಹಾಗಿಲ್ಲ, ಮಾಡಿಸಿದಲ್ಲೆಲ್ಲ ಅದು ಯಾವ ಮಕ್ಕಳ ಪಾಲಿಗೆ ಬೀಳುತ್ತದೆ ಅಂತ ನಮಗೆಲ್ಲ ಗೊತ್ತು.

ಊಟಕ್ಕೆ ತಂಡವಾಗಿಯೇ ಕೂರಬೇಕು. ತೊಡಕು ಬಂದದ್ದು ಮೊಟ್ಟೆಯಿಂದ. ಮೊಟ್ಟೆ ಸಾಲು, ಬಾಳೆಹಣ್ಣಿನ ಸಾಲು ಅಂತ ತಾನಾಗಿ ಎರಡು ಸಾಲಾಗಿ, ಅದರ ಹಿಂದೆಯೇ ಜಾತಿಯೂ ಬಂದು ಕೂತಿತ್ತು. ಸಾಲು ಒಂದು ಮಾಡಿದ ವಾರ ಇಬ್ಬರು ಪೋಷಕರು ಬಂದು ಕೂಗಾಡಿದರು. ಅವರ ಮಾತಿನಲ್ಲಿ ಅರ್ಧ ನ್ಯಾಯ ಇತ್ತು: ಒಂದೇ ಬುಟ್ಟಿಯಲ್ಲಿ ಎರಡನ್ನೂ ಇಟ್ಟಿದ್ದೆವು. ಈಗ ತಟ್ಟೆ ಬೇರೆ, ಬಡಿಸುವ ಕೈ ಬೇರೆ, ಸಿಪ್ಪೆ ಬಕೆಟ್ ಬೇರೆ, ಸಾಲು ಮಾತ್ರ ಒಂದೇ. ಆಮೇಲೆ ಯಾರೂ ಬಂದಿಲ್ಲ.

ಗುರುವಾರ ಕೊನೆಯ ಪೀರಿಯಡ್ ತಂಡದ ಸಭೆ. ಮೂರೇ ಸಾಲು ಹೇಳಬೇಕು: ಏನಾಯಿತು, ನನಗೇನು ತೊಂದರೆಯಾಯಿತು, ಈಗ ಏನಾಗಬೇಕು. “ಇವನು ಯಾವಾಗಲೂ ಹೀಗೇ” ಎಂದರೆ ಸರದಿ ಹೋಯಿತು. ಕನ್ನಡ ತಡವರಿಸುವವರು ಮನೆಮಾತಿನಲ್ಲಿ ಹೇಳಬಹುದು, ತಿಳಿದವರೊಬ್ಬರು ಕನ್ನಡದಲ್ಲಿ ಹೇಳುತ್ತಾರೆ. ಆ ಒಬ್ಬರನ್ನು ನಾವು ನೇಮಿಸಿದಾಗ ಅವನು ತಮಾಷೆ ಸೇರಿಸಿ ಎಲ್ಲರನ್ನೂ ನಗಿಸಿಬಿಟ್ಟ. ಈಗ ಹೇಳುವವರೇ ತಮ್ಮ ಬಾಯಿ ಯಾರೆಂದು ಆರಿಸುತ್ತಾರೆ. ಜುಲೈನಲ್ಲಿ ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದವನ ಮಾತೂ ಕೇಳುವುದಿಲ್ಲ. ಜೋರು ಮಳೆಯ ಎರಡು ತಿಂಗಳು ಅದೇ ಮೂರು ಸಾಲನ್ನು ತಂಡದ ಪುಸ್ತಕದಲ್ಲಿ ಬರೆದು ಕೈಯಿಂದ ಕೈಗೆ ದಾಟಿಸುವುದು. ಮಾತಿಗಿಂತ ಇದರಲ್ಲೇ ಹೆಚ್ಚು ಬಂತು.

ತಪ್ಪಿಗೆ ಕ್ಷಮೆ ಕೇಳಿಸುವುದನ್ನು ಬಿಟ್ಟೆವು. ಎಲ್ಲರೆದುರು ಕೇಳಿಸಿದ ಕ್ಷಮೆ ಸಂಜೆ ಬಸ್ಸಿನಲ್ಲಿ ಬಡ್ಡಿ ಸಮೇತ ವಾಪಸು ಬರುತ್ತದೆ. ಬದಲಿಗೆ ಮೂರು ದಿನದೊಳಗೆ ಸರಿ ಮಾಡಿಕೊಡಬೇಕು. ಹರಿದ ನೋಟ್ಸ್ ಬರೆದುಕೊಡು, ಮುರಿದ ಕೊಡೆಕಡ್ಡಿ ಕಟ್ಟಿಸಿಕೊಡು. “ಲೈನು” ಅಂದವನಿಗೆ? ಅದಕ್ಕೆ ತಂಡವೇ ಒಂದು ದಾರಿ ಹುಡುಕಿತು: ಹಾಜರಿ ಕರೆಯುವ ಕೆಲಸ ಒಂದು ವಾರ ಅವನದು, ಎಲ್ಲರ ಹೆಸರನ್ನೂ ಅವರವರು ಹೇಳಿಕೊಟ್ಟ ಹಾಗೇ ಉಚ್ಚರಿಸಬೇಕು. ಸ್ಟಾಫ್‌ರೂಮಿನ ನಾಲಿಗೆಯೂ ಅದರ ಜೊತೆಗೇ ತಿದ್ದಿತು.

ಕೊಡೆಯ ವಿಷಯ ಸಣ್ಣದು ಅನಿಸಬಹುದು. ಜೂನ್‌ನಲ್ಲಿ ಜಗಲಿಯಲ್ಲಿ ನೂರಕ್ಕೂ ಹೆಚ್ಚು ಕಪ್ಪು ಕೊಡೆ, ಎಲ್ಲ ಒಂದೇ ಥರ, ನಮ್ಮಲ್ಲಿ ಮುಕ್ಕಾಲು ಜಗಳ ಅಲ್ಲೇ. ಹಿಡಿಗೆ ಬಿಳಿ ಎನಾಮಲ್ ಪೇಂಟಿನಲ್ಲಿ ನಂಬರ್, ತಂತಿಗೆ ತಂಡವಾರು ನೇತುಹಾಕುವುದು. ಪೇಂಟು ಮೇ ತಿಂಗಳಲ್ಲೇ ಹಚ್ಚಿ, ಮಳೆ ಹಿಡಿದ ಮೇಲೆ ಒಣಗುವುದಿಲ್ಲ. ಕೊಡೆ ಇಲ್ಲದವರಿಗೆ ಹತ್ತು ಶಾಲೆ ಕೊಡೆ ತಂದೆವು. ಮೊದಲ ವರ್ಷ ಉಳಿದದ್ದು ಆರು. ಯಾರು ಒಯ್ದರೋ ಅವರ ಹೆಸರಿನ ಬದಲು ತಂಡದ ಹೆಸರಿನಲ್ಲಿ ಬರೆದ ಮೇಲೆ ಒಂಬತ್ತು ಉಳಿದವು.

ಮಧ್ಯೆ ಹಾಕಿಯನ್ನೂ ಪ್ರಯೋಗಿಸಿದೆವು. 1997ರಿಂದ ನಡೆಯುತ್ತಿರುವ ಕೊಡವ ಕುಟುಂಬ ಹಾಕಿಯಲ್ಲಿ ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಇಳಿಯುತ್ತಾರಲ್ಲ, ಹಾಗೆ ನಮ್ಮ ಕೆಲಸದ ತಂಡಗಳನ್ನೇ ಆಡಿಸುವ ಯೋಚನೆ. ಸ್ಟಿಕ್ ಇದ್ದವರು ಆಡಿದರು, ಇಲ್ಲದವರು ಚೆಂಡು ಹೆಕ್ಕಿದರು. 1,200 ರೂಪಾಯಿಗೆ ಹಳೆ ಸ್ಟಿಕ್ ತಂದಾಗ ಕುಯ್ಲು ಶುರುವಾಗಿತ್ತು. ಈ ವರ್ಷ ನೋಡಬೇಕು.

ಮೊದಲ ವರ್ಷದ ಖರ್ಚು ಒಟ್ಟು 4,500ರ ಸುಮಾರು: ಕೊಡೆಗೆ 2,200, ಸ್ಟಿಕ್ಕು, ಆ ದರಿದ್ರ ಪೆಟ್ಟಿಗೆ, ಉಳಿದದ್ದು ಪುಸ್ತಕ, ಪೇಂಟು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಬಿಡಿಗಾಸು ಕೊಡಲಿಲ್ಲ. ಹಳೆ ಪೇಪರ್ ಮಾರಿದ್ದು, ನಮ್ಮ ನಮ್ಮ ಜೇಬು. ಆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಡ್‌ಮೇಷ್ಟ್ರ ಮುಂದೆ ಬಂದ ಜಗಳ ಮೂವತ್ತರ ಹತ್ತಿರ. ಈ ವರ್ಷ ಅದೇ ತಿಂಗಳುಗಳಲ್ಲಿ ಎಂಟೋ ಒಂಬತ್ತೋ. ಹತ್ತನೆಯವರನ್ನು ಜನವರಿಯ ನಂತರ ತಂಡದಲ್ಲಿ ಹಿಡಿದಿಡಲು ಇನ್ನೂ ಆಗಿಲ್ಲ, ಪೂರ್ವಸಿದ್ಧತಾ ಪರೀಕ್ಷೆ ಎಲ್ಲವನ್ನೂ ನುಂಗುತ್ತದೆ.

ನವೆಂಬರ್‌ನ ಮಕ್ಕಳ ಗ್ರಾಮಸಭೆಗೂ ಈಗ ಚೀಟಿ ಎತ್ತಿಯೇ ಕಳಿಸುತ್ತೇವೆ. ಹೋದ ಸಲ ಲೈನ್‌ಮನೆಯ ಎಂಟನೇ ತರಗತಿ ಹುಡುಗಿಯ ಹೆಸರು ಬಂತು. ತನ್ನ ಬಾಯಿಯಾಗಲು ಗೆಳತಿಯನ್ನು ಕರೆದುಕೊಂಡು ಹೋಗಿ ಅದೇ ಮೂರು ಸಾಲು ಹೇಳಿದಳು: ತೋಟದ ದಾರಿಯಲ್ಲಿ ಕತ್ತಲು, ಸಂಜೆ ಬಸ್ಸಿಳಿದು ನಡೆಯಲು ಭಯ, ಒಂದು ದೀಪ ಬೇಕು. ಕಂಬ ಬಂದಿದೆ, ಬಲ್ಬ್ ಇನ್ನೂ ಬಂದಿಲ್ಲ.