ಇದರ ಮೇಲೇನಿದೆ?

ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್‌ನಲ್ಲಿ ಹರೇದಿ, ಅಂದರೆ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ ಗಂಡುಮಕ್ಕಳ ಶಾಲೆಗೆ ನಕ್ಷೆ ಮಾಡುವ ಕೆಲಸ ಬಂದಾಗ, ಅಡುಗೆಮನೆಯೇ ಕಷ್ಟ ಕೊಟ್ಟೀತು ಅಂದುಕೊಂಡಿದ್ದೆ. ಮಾಂಸಕ್ಕೊಂದು, ಹಾಲಿಗೊಂದು ಅಂತ ಒಲೆ, ಸಿಂಕು, ಪಾತ್ರೆ ಎಲ್ಲ ಬೇರೆ ಬೇರೆ. ಅದು ಸಲೀಸಾಗಿ ಮುಗಿಯಿತು. ಅಜ್ಜಿಯ ಮಡಿ, ಮುಸುರೆ ನೋಡಿ ಬೆಳೆದವನಿಗೆ ಒಂದರ ಸೌಟು ಇನ್ನೊಂದಕ್ಕೆ ತಾಗಬಾರದು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಾನು ಎಡವಿದ್ದು ಅಂಗಳದಲ್ಲಿ.

ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಸುಕ್ಕೋತ್ ಹಬ್ಬ. ಏಳು ದಿನ ಸುಕ್ಕಾ ಎಂಬ ಚಪ್ಪರದಲ್ಲೇ ಊಟ. ಲಂಡನ್ನಿನ ಮಳೆ ನೆನೆದು, ಮೊದಲ ಮಹಡಿಯ ಕಾರಿಡಾರನ್ನು ಚಪ್ಪರದ ಜಾಗದ ಮೇಲೆ ಚಾಚಿ, ಜಾಣ ಅಂತ ಬೀಗಿದ್ದೆ. ಶಾಲೆಯ ಧರ್ಮಗುರು ರಬ್ಬಿಗಳು ನಕ್ಷೆಯಲ್ಲಿ ಅಲ್ಲೇ ಪೆನ್ಸಿಲ್ ಊರಿ, "ಇದರ ಮೇಲೇನಿದೆ?" ಎಂದರು. ಸ್ಲ್ಯಾಬ್ ಎಂದೆ. ಸುಮ್ಮನೆ ನಕ್ಕರು. ಚಪ್ಪರಕ್ಕೆ ಹೊದಿಸುವುದು ಕಡಿದು ತಂದ ಸೊಪ್ಪು, ಬಿದಿರು. ಅದರ ಮೇಲೆ ನೇರ ಆಕಾಶವೇ ಇರಬೇಕು. ನಡುವೆ ಸ್ಲ್ಯಾಬೂ ಕೂಡದು, ಬೇರು ಬಿಟ್ಟು ನಿಂತ ಮರದ ಕೊಂಬೆಯೂ ಕೂಡದು. ಕಾರಿಡಾರನ್ನು ಇನ್ನೊಂದು ಬದಿಗೆ ತಿರುಗಿಸಿದೆ. ಮೂಲೆಯಲ್ಲಿದ್ದ ಹಳೇ ಮರ ಕಡಿಯಲು ಮನಸ್ಸಾಗದೆ ಚಪ್ಪರದ ಕಂಬಗಳನ್ನೇ ಸರಿಸಿದೆ. ಮೂರು ವಾರದ ಕೆಲಸ ನೀರುಪಾಲು.

ಆಮೇಲೆ ಕೈತೊಳೆಯುವ ತೊಟ್ಟಿ. ರೊಟ್ಟಿ ಮುರಿಯುವ ಮುಂಚೆ ಎರಡು ಹಿಡಿಕೆಯ ಚೊಂಬಿನಿಂದ ಕೈಮೇಲೆ ನೀರು ಸುರಿದುಕೊಳ್ಳುತ್ತಾರೆ. ತೊಳೆದ ಮೇಲೆ ಮೊದಲ ತುತ್ತಿನ ತನಕ ಬೇರೆ ಮಾತಿಲ್ಲ. ನಾನು ಗುರುತಿಸಿದ್ದು ಶಾಲೆಗಳಿಗೆ ಹಾಕುವ ಮಾಮೂಲಿ ಬೇಸಿನ್, ಅದೂ ಶೌಚಾಲಯದ ಪಕ್ಕ. ಅನುಮಾನ ಬಂದು ಒಂದು ಚೊಂಬು ಕೊಂಡು ಆಫೀಸಿನಲ್ಲಿ ಹಿಡಿದು ನೋಡಿದರೆ ನಲ್ಲಿಯ ಕೆಳಗೆ ಅದು ತೂರಲೇ ಇಲ್ಲ. ಕೊನೆಗೆ ಊಟದ ಹಾಲಿನ ಒಳಗೇ ಉದ್ದ ತೊಟ್ಟಿ ಕಟ್ಟಿಸಿ, ನಲ್ಲಿಯ ಕೆಳಗೆ ಒಂದು ಗೇಣಿಗಿಂತ ಹೆಚ್ಚು ಜಾಗ ಬಿಟ್ಟೆ.

ಬೇತ್ ಮಿದ್ರಾಶ್, ಅಂದರೆ ಯಹೂದಿ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮೂದ್ ಓದುವ ಕೋಣೆಯನ್ನು ನಾನು ಲೈಬ್ರರಿ ಅಂದುಕೊಂಡಿದ್ದೆ. ಗೋಡೆಗೆ ಮುಖ ಮಾಡಿದ ಒಂಟಿ ಮೇಜು, ಪಿನ್ ಬಿದ್ದರೂ ಕೇಳುವ ಮೌನ. ಹೋಗಿ ನೋಡಿದರೆ ಸಂತೆ! ಇಬ್ಬಿಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಮೇಜು ಕುಟ್ಟಿ ವಾದ ಮಾಡುತ್ತಾರೆ. ಈ ಜೋಡಿಗೆ ಹವ್ರೂತಾ ಅಂತ ಹೆಸರು. ಗದ್ದಲ ತಡೆಯುವ ಹಾಗಿಲ್ಲ, ಆದರೆ ಎದುರಿಗಿರುವವನ ಮಾತು ಕೇಳಬೇಕು. ಹಾಗಾಗಿ ಮೇಜುಗಳನ್ನು ಎದುರುಬದುರು ತಿರುಗಿಸಿ, ಸೂರಿಗೆ ಮಾತ್ರ ಸದ್ದು ಹೀರುವ ಹಲಗೆ ಹಾಕಿಸಿದೆ.

ಕೋಟು ನೇತುಹಾಕುವ ಗೂಟಗಳ ಮೇಲೆ ಅಗಲವಾದ ಹಲಗೆ ಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ದೊಡ್ಡ ಹುಡುಗರ ಕರಿ ಟೋಪಿಗಳ ಅಂಚು ನೋಡಿ ನಾನೇ ಸೇರಿಸಿದ್ದು.