ಬಿರುಕಿನ ಎರಡೂ ಕಡೆ ಗೂಟ ಹೊಡೆದೆ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದಾಗ ನಾವೆಲ್ಲ ಹೇಳಿದ್ದು ಒಂದೇ ಮಾತು, ಮಳೆ ಜಾಸ್ತಿಯಾಯ್ತು. ಅದು ಸುಳ್ಳಲ್ಲ. ಕೊಡಗಿನಲ್ಲಿ ತೋಟ ಇರುವವರು ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರೆ, ನನ್ನ ಪುಸ್ತಕದಲ್ಲೂ ಅದು ಇದೆ. ಆದರೆ ಅದೇ ಮಳೆಗೆ ಒಂದು ಗುಡ್ಡ ಜರಿದು ಪಕ್ಕದ್ದು ಹಾಗೇ ನಿಂತಿತ್ತಲ್ವಾ, ಅದು ಯಾಕೆ? ನಮ್ಮ ಮನೆ ಹಿಂದೆಯೂ ಹದಿನೈದು ಅಡಿ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ಇದೆ. ಹಾಗಾಗಿ ಸುಮ್ನೆ ಕೂರಲು ಆಗಲಿಲ್ಲ.

ಮಳೆಗಾಲ ಮುಗಿದ ಮೇಲೆ, ಕಾಫಿ ಕುಯ್ಲಿನ ನಡುವೆ ಬಿಡುವಾದಾಗಲೆಲ್ಲ ಜರಿದ ಜಾಗಗಳಿಗೆ ಹೋಗಿ ನೋಡಿದೆ. ಕೆಳಗೆ ರಸ್ತೆಯಲ್ಲಿ ನಿಂತರೆ ಎಲ್ಲವೂ ಒಂದೇ ಥರ ಕೆಂಪಗೆ ಕಾಣುತ್ತವೆ. ಮೇಲೆ ಹತ್ತಿ, ಜರಿತ ಎಲ್ಲಿ ಶುರುವಾಯಿತೋ ಅಲ್ಲಿ ನಿಲ್ಲಬೇಕು. ಆಗ ವ್ಯತ್ಯಾಸ ಗೊತ್ತಾಗುತ್ತದೆ.

ಒಂದು ಕಡೆ ನೆಲ ಬಟ್ಟಲಿನ ಹಾಗೆ ಬಾಗಿ, ಇಡೀ ತುಂಡಾಗಿ ಕೆಳಗೆ ಕೂತಿತ್ತು. ಮೇಲಿನ ಕಾಫಿ ಗಿಡಗಳು ಇನ್ನೂ ಹಸಿರಾಗಿದ್ದವು, ಆದರೆ ಎಲ್ಲವೂ ಗುಡ್ಡದ ಕಡೆಗೇ, ಹಿಂದಕ್ಕೆ ವಾಲಿದ್ದವು. ನೆಲ ತಿರುಗಿಕೊಂಡು ಜಾರಿದೆ ಅನ್ನುವುದಕ್ಕೆ ಅದೇ ಗುರುತು. ಇನ್ನೊಂದು ಕಡೆ ತಲೆಭಾಗ ಸಣ್ಣದು, ಆದರೆ ಅಲ್ಲಿಂದ ತೋಡು (ಸಣ್ಣ ಹಳ್ಳ) ಹಿಡಿದು ಬಹಳ ದೂರದವರೆಗೆ ಕೆಸರು, ಬಂಡೆ, ಮರದ ದಿಮ್ಮಿ ಒಟ್ಟಿಗೆ ಹರಿದಿತ್ತು, ದಡದ ಮರಗಳಲ್ಲಿ ನನ್ನ ತಲೆಗಿಂತ ಮೇಲೆ ಮಣ್ಣಿನ ಗೆರೆ ಇತ್ತು. ಇದು ಜಾರಿದ್ದಲ್ಲ, ಹರಿದದ್ದು. ಜೀವಕ್ಕೆ ಜಾಸ್ತಿ ಅಪಾಯ ಇದರಿಂದಲೇ, ಯಾಕಂದ್ರೆ ಗುಡ್ಡದಿಂದ ದೂರ ಇರುವ ಮನೆಗೂ ಬಂದು ತಟ್ಟುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಬಂಡೆ ಉರುಳುವುದು ಬೇರೆಯೇ ವಿಷಯ. ಇನ್ನೊಂದು ಬಹಳ ನಿಧಾನದ್ದು: ಸಿಲ್ವರ್ ಓಕ್ ಮರದ ಬುಡ ಬಿಲ್ಲಿನ ಹಾಗೆ ಬಾಗಿ ಮೇಲೆ ನೆಟ್ಟಗೆ ಬೆಳೆದಿದ್ದರೆ, ಬೇಲಿ ಕಂಬಗಳೂ ಸಾಲಾಗಿ ಇಳಿಜಾರಿನ ಕಡೆ ವಾಲಿದ್ದರೆ, ಅಲ್ಲಿ ಮಣ್ಣು ವರ್ಷ ವರ್ಷ ಸ್ವಲ್ಪ ಸ್ವಲ್ಪ ಸರಿಯುತ್ತಿರಬಹುದು.

ಕಾರಣ ಸಿಕ್ಕಿದ್ದು ಮಣ್ಣು ಕೈಗೆ ತೆಗೆದುಕೊಂಡಾಗ. ಮೇಲೆ ಕೆಂಪು ಮಣ್ಣು, ಅದರಡಿ ಬಿಳಿ, ತಿಳಿ ಗುಲಾಬಿ ಬಣ್ಣದ ಜೇಡಿ. ಕರಾವಳಿಯವರು ಇಂಥದ್ದಕ್ಕೆ ಶೇಡಿ ಮಣ್ಣು ಅನ್ನುತ್ತಾರೆ. ಒಣಗಿದಾಗ ವಿಭೂತಿ ಹಾಗೆ ಪುಡಿಯಾಗುತ್ತದೆ, ಒದ್ದೆಯಾದರೆ ಸೋಪಿನ ಹಾಗೆ ಬೆರಳಿನಿಂದ ಜಾರುತ್ತದೆ. ಕೆಂಪು ಮಣ್ಣು ನೀರನ್ನು ಬೇಗ ಒಳಗೆ ಬಿಡುತ್ತದೆ, ಜೇಡಿ ಬಿಡುವುದಿಲ್ಲ. ನೀರು ಅಲ್ಲೇ ನಿಂತು ಮಣ್ಣಿನ ಕಣಗಳನ್ನು ಒಳಗಿಂದ ಒತ್ತುತ್ತದೆ, ಒಂದಕ್ಕೊಂದು ಇದ್ದ ಹಿಡಿತ ತಪ್ಪುತ್ತದೆ. ಅದರ ಮೇಲೆ ನಾವು ರಸ್ತೆಗೋ ಮನೆಗೋ ಅಂತ ಗುಡ್ಡದ ಬುಡ ಕಡಿದಿರುತ್ತೇವೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಜರಿದದ್ದೂ ಹೆದ್ದಾರಿಗೆ ಕಡಿದ ಗುಡ್ಡವೇ. ಮಣ್ಣು ಗಂಗಾವಳಿ ನದಿಗೆ ಬಿದ್ದು, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು.

ನಮ್ಮ ಬರೆಗೆ ಬರುತ್ತೇನೆ. ಅದನ್ನು ಕಡಿದವರು ಗೋಡೆ ಹಾಗೆ ನೇರಕ್ಕೆ ನಿಲ್ಲಿಸಿದ್ದರು, ಮೇಲೆ ಚರಂಡಿಯೂ ಇರಲಿಲ್ಲ. 2019ರ ಜುಲೈನಲ್ಲಿ ಬರೆಯಿಂದ ಮೂವತ್ತು ಹೆಜ್ಜೆ ಮೇಲೆ, ತರಗೆಲೆಯ ಅಡಿ, ಬೆರಳು ಹೋಗುವಷ್ಟು ಬಿರುಕು ಕಂಡಿತು. ಅಡ್ಡಡ್ಡ, ಸ್ವಲ್ಪ ಬಾಗಿದ ಬಿರುಕು. ಎರಡೂ ಕಡೆ ಗೂಟ ಹೊಡೆದು ದಿನಾ ಟೇಪಿನಲ್ಲಿ ಅಳೆದೆ. ಒಂದು ವಾರದಲ್ಲಿ ಎರಡು ಇಂಚು ಅಗಲವಾಯಿತು. ಎಂಟನೇ ದಿನ, ಬರೆಯ ಬುಡದಲ್ಲಿ ತಿಳಿಯಾಗಿ ಬರುತ್ತಿದ್ದ ಜಲ ಕೆಂಪಾಯಿತು. ಒಳಗಿನ ಮಣ್ಣು ನೀರಿನ ಜೊತೆ ಬರುತ್ತಿದೆ ಅಂತ ಅರ್ಥ. ಅಮ್ಮನನ್ನು ಆ ಸಂಜೆಯೇ ಚಿಕ್ಕಮ್ಮನ ಮನೆಗೆ ಕಳಿಸಿದೆ. "ಇಷ್ಟು ವರ್ಷ ಬೀಳದ ಬರೆ ಈಗ ಬೀಳುತ್ತಾ ಮಗ?" ಅಂದರು. ಎರಡನೇ ರಾತ್ರಿ ಒಂದು ಮೂಲೆ ಬಿತ್ತು, ಹಿಂದಿನ ಕೋಣೆಯ ಕಿಟಕಿವರೆಗೆ ಮಣ್ಣು.

ಬಿರುಕಿಗೆ ಜೇಡಿ ತುಂಬಿ ಟಾರ್ಪಾಲು ಹೊದಿಸಿದೆ. ಮೇಲೆ, ಕಾಫಿ ಹೂವಿಗೆ ನೀರು ಹಾಯಿಸಲು ತೋಡಿಸಿದ್ದ ಕೆರೆಯನ್ನು ಖಾಲಿ ಮಾಡಿದೆ. ಅದನ್ನು ಬಿಡಲು ಮನಸ್ಸೇ ಇರಲಿಲ್ಲ, ಆದರೆ ಕೆರೆ ಖಾಲಿಯಾದ ಕೆಲವು ದಿನಕ್ಕೆ, ಮಳೆ ಇರುವಾಗಲೇ, ಬುಡದ ಜಲ ಅರ್ಧಕ್ಕೆ ಇಳಿಯಿತು. ಬೇಸಿಗೆಯಲ್ಲಿ ಬರೆಯನ್ನು ಮೂರು ಮೆಟ್ಟಿಲಾಗಿ ತಗ್ಗಿಸಿ, ಮೇಲೆ ಚರಂಡಿ ತೆಗೆಸಿದೆವು. ಗೂಟಗಳು ಹಾಗೇ ಇವೆ. ಮಳೆಗಾಲದಲ್ಲಿ ಬೆಳಿಗ್ಗೆ ಇಂಚು ಬರೆದಾದ ಮೇಲೆ ಕೊಡೆ ಹಿಡಿದು ಹೋಗಿ ಅದನ್ನೂ ಅಳೆದು, ಅದೇ ಸಾಲಿನಲ್ಲಿ ಬರೆಯುತ್ತೇನೆ.