ಅರ್ಧ ಯೂನಿಟ್ ಹೆಲ್ತ್‌ಗೆ ಜಾಗ ಹುಡುಕಿದ್ದು

ನಾವಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ, ಫೆಬ್ರವರಿಯಲ್ಲಿ, ಹೈಸ್ಕೂಲಿನಿಂದ ಒಂದು ಫಾರ್ಮ್ ಬಂತು. ಒಂಬತ್ತಕ್ಕೆ ಯಾವ ಯಾವ ವಿಷಯ ಬೇಕು ಅಂತ ಗುರುತು ಹಾಕಿ ಕಳಿಸಬೇಕು. ನಾನು ಓದಿದ್ದು ದಾವಣಗೆರೆಯಲ್ಲಿ. ನಮಗೆ ವಿಷಯ ಆರಿಸುವ ತಲೆನೋವೇ ಇರಲಿಲ್ಲ. ಆರೋಗ್ಯ ಶಿಕ್ಷಣ ಅಂದರೆ ಪಿ.ಟಿ. ಮೇಷ್ಟ್ರು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದದ್ದು, ಅಷ್ಟೇ. ಸಂತಾನೋತ್ಪತ್ತಿ ಪಾಠ ಬಂದಾಗ ವಿಜ್ಞಾನದ ಟೀಚರ್ "ಇದನ್ನ ಮನೇಲಿ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋಗಿದ್ದರು. ಹಾಗಾಗಿ ಫಾರ್ಮಿನಲ್ಲಿ 'ಹೆಲ್ತ್' ಅನ್ನೋ ಪದ ಕಂಡಾಗ ನಾನು ಅದನ್ನ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಜಾರ್ಜಿಯಾದಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡು. ಅದನ್ನ ಮುಗಿಸಲು ಒಟ್ಟು 23 ಯೂನಿಟ್ ಬೇಕು. ಒಂದು ವಿಷಯವನ್ನ ಒಂದು ವರ್ಷ ಓದಿದರೆ ಒಂದು ಯೂನಿಟ್. ಅದರಲ್ಲಿ ಒಂದು ಯೂನಿಟ್ ಹೆಲ್ತ್ ಮತ್ತು ದೈಹಿಕ ಶಿಕ್ಷಣದ್ದು. ನಮ್ಮ ಅಟ್ಲಾಂಟಾ ಕಡೆಯ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ಸೆಮಿಸ್ಟರ್ ಹೆಲ್ತ್, ಇನ್ನೊಂದು ಸೆಮಿಸ್ಟರ್ ಪರ್ಸನಲ್ ಫಿಟ್‌ನೆಸ್. ತಲಾ ಅರ್ಧ ಯೂನಿಟ್. ಯಾವ ವರ್ಷ ತಗೊಳ್ಳಬೇಕು ಅನ್ನೋದು ಹೆಚ್ಚುಕಡಿಮೆ ನಮಗೇ ಬಿಟ್ಟದ್ದು.

ನಮ್ಮ ಜನರ ನಡುವೆ ಇದಕ್ಕೆ ಒಂದು ಸಿದ್ಧ ಉತ್ತರ ಇದೆ. "ಬೇಸಿಗೆಯಲ್ಲಿ ಆನ್‌ಲೈನ್ ಮುಗಿಸಿಬಿಡಿ, ಸುಮ್ನೆ ಒಂದು ಪೀರಿಯಡ್ ಯಾಕೆ ಹಾಳು?" ಲೆಕ್ಕ ಹೀಗೆ. ಎಪಿ, ಅಂದರೆ ಕಾಲೇಜು ಮಟ್ಟದ ಕ್ಲಾಸಿಗೆ ಹೆಚ್ಚುವರಿ ಅಂಕ ಸಿಗುತ್ತದೆ, ಹೆಲ್ತ್‌ಗೆ ಸಿಗೋಲ್ಲ. ಹೆಲ್ತ್‌ನಲ್ಲಿ ನೂರಕ್ಕೆ ನೂರು ಬಂದರೂ ಆ ಹೆಚ್ಚುವರಿ ಅಂಕ ಸೇರಿಸಿದ ವೇಟೆಡ್ ಸರಾಸರಿ ಒಂದು ಚೂರು ಕೆಳಗಿಳಿಯಬಹುದು. ಆ ಜಾಗದಲ್ಲಿ ಕಂಪ್ಯೂಟರ್ ಸೈನ್ಸೋ ಎರಡನೇ ಭಾಷೆಯೋ ಹಾಕಬಹುದು. ನಾನೂ ತಲೆಯಾಡಿಸಿದೆ. ಎಂಟು ಮುಗಿದ ಬೇಸಿಗೆಯಲ್ಲೇ ಮಗಳನ್ನ ಒಂದು ಆನ್‌ಲೈನ್ ಕೋರ್ಸಿಗೆ ಸೇರಿಸಿದೆ.

ಅವಳಿಗಾಗ ಹದಿಮೂರು ವರ್ಷ. ಜೂನ್ ತಿಂಗಳು. ಪೈಜಾಮದಲ್ಲಿ ಕೂತು ವಿಡಿಯೋ ಓಡಿಸಿ, ಕ್ವಿಜ್‌ನಲ್ಲಿ ಉತ್ತರ ಒತ್ತಿ, ಕೆಲವೇ ವಾರದಲ್ಲಿ ಮುಗಿಸಿದಳು. 98 ಬಂತು. ವೇಪಿಂಗ್, ಅಂದರೆ ಇ-ಸಿಗರೇಟ್ ಸೇದುವುದರ ಬಗ್ಗೆ ಓದಿದಳು, ಖಿನ್ನತೆ ಬಗ್ಗೆ ಓದಿದಳು. ಯಾವುದೂ ಅವಳ ಬದುಕಿನಲ್ಲಿ ಇನ್ನೂ ಬಂದೇ ಇರಲಿಲ್ಲ. ಹತ್ತನೇ ಕ್ಲಾಸಿಗೆ ಬಂದಾಗ ಗೆಳತಿಯೊಬ್ಬಳು ಊಟ ಬಿಟ್ಟು ಸೊರಗುತ್ತಿದ್ದಳು, ಶಾಲೆಯ ಬಾತ್‌ರೂಮಿನಲ್ಲಿ ವೇಪ್ ವಾಸನೆ ಮಾಮೂಲಾಗಿತ್ತು. "ಅದೆಲ್ಲ ಹೆಲ್ತ್‌ನಲ್ಲಿ ಓದಿದ್ದೆ ಅಲ್ವಾ?" ಅಂದೆ. "ಅಮ್ಮಾ, ಅದು ಒಂದೂ ನೆನಪಿಲ್ಲ" ಅಂದಳು. ಅದು ಅವಳ ತಪ್ಪಲ್ಲ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೊಡಿಸಿದವಳು ನಾನು.

ಇನ್ನೊಂದು ಎಡವಟ್ಟೂ ಆಯಿತು. ಇಲ್ಲಿ 18 ತುಂಬುವ ಮೊದಲು ಡ್ರೈವಿಂಗ್ ಲೈಸೆನ್ಸ್ ಬೇಕಾದರೆ ಅಡಾಪ್ ಅನ್ನೋ ಸರ್ಟಿಫಿಕೇಟ್ ಇರಬೇಕು. ಮದ್ಯ, ಮಾದಕವಸ್ತು ಮತ್ತು ಡ್ರೈವಿಂಗ್ ಬಗ್ಗೆ ನಾಲ್ಕು ಗಂಟೆಯ ಪಾಠ ಅದು. ಸರ್ಕಾರಿ ಶಾಲೆಗಳ ಹೆಲ್ತ್ ಕ್ಲಾಸಿನಲ್ಲೇ ಅದನ್ನು ಕಲಿಸುತ್ತಾರೆ. ಮಗಳು ಮಾಡಿದ ಕೋರ್ಸಿನಲ್ಲಿ ಅದು ಇರಲೇ ಇಲ್ಲ. ಹದಿನಾರರ ಹುಟ್ಟುಹಬ್ಬದ ವಾರ ಅದು ಗೊತ್ತಾಗಿ, ಮನೆಯಲ್ಲಿ ಕಣ್ಣೀರು, ಆಮೇಲೆ ಬೇರೆಯಾಗಿ ಕೂತು ಮಾಡಿದ್ದು. ದೊಡ್ಡ ನಷ್ಟವೇನಲ್ಲ, ಬಿಡಿ. ಆದರೆ ಬೇಸಿಗೆ ಕೋರ್ಸಿನಿಂದ ಸಮಯ ಉಳಿಯುತ್ತೆ ಅಂದವರು ಇದನ್ನ ಹೇಳಿರಲಿಲ್ಲ.

ಮಗನ ಸರದಿ ಬಂದಾಗ ಅಡುಗೆಮನೆ ಮೇಜಿನ ಮೇಲೆ ಹಾಳೆ ಹಾಸಿಕೊಂಡು ನಾಲ್ಕೂ ವರ್ಷ ಬರೆದೆ. ಮೊದಲು ಸರಾಸರಿಯ ಭಯ ಬಿಟ್ಟೆ. ಕಾಲೇಜಿಗೆ ರಾಜ್ಯ ಕೊಡುವ ಹೋಪ್ ಸ್ಕಾಲರ್‌ಶಿಪ್‌ಗೆ ಬೇಕಾದ 3.0 ಸರಾಸರಿ ನೋಡುವುದು ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ವಿದೇಶಿ ಭಾಷೆ, ಇಷ್ಟರಲ್ಲೇ. ಹೆಲ್ತ್ ಅದರ ಲೆಕ್ಕಕ್ಕೇ ಬರೋಲ್ಲ. ಆ ಅರ್ಧ ಯೂನಿಟ್ಟಿನ ಬಗ್ಗೆ ನಾವು ಎಷ್ಟು ಜಾಸ್ತಿ ತಲೆಕೆಡಿಸಿಕೊಂಡಿದ್ದೆವು ಅಂತ ನಗು ಬಂತು.

ಹನ್ನೆರಡನೇ ಕ್ಲಾಸಿಗೆ ತಳ್ಳುವುದಂತೂ ಬೇಡವೇ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಪರಿಚಯದವರ ಮಗನೊಬ್ಬನಿಗೆ ಕೊನೆಯ ವರ್ಷದ ಜನವರಿಯಲ್ಲಿ, ಕಾಲೇಜಿಗೆಲ್ಲ ಅರ್ಜಿ ಹಾಕಿಯಾದ ಮೇಲೆ, "ನಿನಗೆ ಅರ್ಧ ಯೂನಿಟ್ ಕಮ್ಮಿ ಇದೆ" ಅಂತ ಶಾಲೆಯಿಂದ ಕರೆ ಬಂದಿತ್ತು. ಹತ್ತು, ಹನ್ನೊಂದರಲ್ಲಿ ಎಪಿ ತುಂಬಿಕೊಳ್ಳುತ್ತದೆ. ಉಳಿದದ್ದು ಒಂಬತ್ತು. ಅದೂ ಶಾಲೆಯಲ್ಲೇ ಕೂತು, ಬೇರೆ ಮಕ್ಕಳ ಜೊತೆ.

ಮೊದಲ ಸೆಮಿಸ್ಟರೋ ಎರಡನೆಯದೋ? ಇದನ್ನ ನಿರ್ಧರಿಸಿದ್ದು ಪೈನ್ ಮರಗಳು. ಮಗನಿಗೆ ಆಸ್ತಮಾ ಇದೆ. ಮಾರ್ಚ್ ಕೊನೆಗೆ ಅಟ್ಲಾಂಟಾದಲ್ಲಿ ಪರಾಗದ ಪುಡಿ ಬಿದ್ದು ಕಾರು, ಮೆಟ್ಟಿಲು, ನಾಯಿಯ ಬೆನ್ನು ಎಲ್ಲ ಅರಿಶಿನ ಚೆಲ್ಲಿದ ಹಾಗೆ ಹಳದಿ ಆಗುತ್ತದೆ. ಆ ಹೊತ್ತಿನಲ್ಲಿ ಅವನು ಮೈದಾನದಲ್ಲಿ ಮೈಲಿಗಟ್ಟಲೆ ಓಡುವುದು ಬೇಡ. ಆಗಸ್ಟ್ ಬಿಸಿಲು ಕೆಟ್ಟದ್ದು ನಿಜ, ಆದರೆ ಬೆಳಗಿನ ಮೊದಲ ಪೀರಿಯಡ್ ಸಿಕ್ಕರೆ ತಡೆಯಬಹುದು. ಫಿಟ್‌ನೆಸ್ ಮೊದಲು, ಹೆಲ್ತ್ ಜನವರಿಯಿಂದ ಅಂತ ಕೌನ್ಸೆಲರ್‌ಗೆ ಕಾರಣ ಸಮೇತ ಬರೆದೆ. ಮೊದಲ ವೇಳಾಪಟ್ಟಿಯಲ್ಲಿ ಉಲ್ಟಾ ಬಂದಿತ್ತು. ಡಾಕ್ಟರ ಚೀಟಿ ಸೇರಿಸಿ ಮತ್ತೆ ಬರೆದ ಮೇಲೆ ಬದಲಾಯಿತು. ಎಲ್ಲರಿಗೂ ಹೀಗೆ ಮಾಡಿಕೊಡುತ್ತಾರೆ ಅಂತ ಹೇಳಲಾರೆ. ಶಾಲೆಗೂ ಮಕ್ಕಳ ಸಂಖ್ಯೆ ಸರಿದೂಗಬೇಕಲ್ಲ.

ಅವನಿಗೆ ಮೇ ತಿಂಗಳಲ್ಲಿ ಹದಿನೈದು ತುಂಬುವುದಿತ್ತು. ಇಲ್ಲಿ ಲರ್ನರ್ಸ್ ಪರ್ಮಿಟ್ ಸಿಗುವ ವಯಸ್ಸು ಅದೇ. ಅಡಾಪ್ ಸರ್ಟಿಫಿಕೇಟ್ ಏಪ್ರಿಲ್‌ನಲ್ಲೇ ಕೈಗೆ ಬಂತು. ಕುಡಿದು ಓಡಿಸಿದರೆ ಏನಾಗುತ್ತೆ ಅಂತ ಕಲಿತ ಮರುತಿಂಗಳೇ ಸ್ಟೀರಿಂಗ್ ಹಿಡಿದ. ಅದರ ಪರಿಣಾಮ ನನಗೆ ಕಂಡಿತು. ಪಾರ್ಟಿಗೆ ಹೋಗುವಾಗ "ವಾಪಸ್ ಬರೋಕೆ ಗಾಡಿ ಯಾರದು?" ಅಂತ ಅವನೇ ಕೇಳಲು ಶುರುಮಾಡಿದ. ಮಾನಸಿಕ ಸಂಕಟದಲ್ಲಿರುವವರ ಸಹಾಯವಾಣಿ 988ಕ್ಕೆ ಯಾವಾಗ ಫೋನ್ ಮಾಡಬೇಕು ಅಂತ ನನಗೆ ಹೇಳಿಕೊಟ್ಟವನೂ ಅವನೇ.

ಆನ್‌ಲೈನ್‌ನಲ್ಲಿ ಮಗಳಿಗೆ ದಕ್ಕದೆ ಹೋದ ಇನ್ನೊಂದು ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ವಿಧಾನ. 2013ರಲ್ಲಿ ಬಂದ ಕಾನೂನಿನ ಪ್ರಕಾರ ಜಾರ್ಜಿಯಾದ ಹೈಸ್ಕೂಲುಗಳಲ್ಲಿ ಸಿಪಿಆರ್ ಮತ್ತು ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರದ ಬಳಕೆ ಕಲಿಸಬೇಕು. ಮಗಳು ವಿಡಿಯೋ ನೋಡಿದ್ದಳು. ಮಗ ಬೊಂಬೆಯ ಎದೆ ಮೇಲೆ ಕೈಯಿಟ್ಟು, ಬೆವರು ಸುರಿಸಿ ಒತ್ತಿ ಕಲಿತ.

ಆ ಸಂಜೆ ಮನೆಗೆ ಬಂದು ಸೋಫಾದ ದಿಂಬನ್ನ ನೆಲಕ್ಕೆ ಹಾಕಿ ಒತ್ತತೊಡಗಿದ. ಊರಿಂದ ಬಂದಿದ್ದ ನಮ್ಮತ್ತೆ ಕಾಫಿ ಲೋಟ ಹಿಡಿದು ನೋಡುತ್ತಿದ್ದರು. "ದಿಂಬು ಏನೋ ತಪ್ಪು ಮಾಡ್ತು?" ಅಂದರು. ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ ಅಂತ ಅವನು ತನ್ನ ಅರೆಬರೆ ಕನ್ನಡದಲ್ಲಿ ವಿವರಿಸಿದ. ಮಾವ ಹೋದದ್ದು ಹೃದಯಾಘಾತದಲ್ಲಿ, ಹೊಲದಲ್ಲಿ. ಅದು ಅವನಿಗೆ ಗೊತ್ತಿರಲಿಲ್ಲ. ಅತ್ತೆ ಲೋಟ ಕೆಳಗಿಟ್ಟು, ಕಷ್ಟಪಟ್ಟು ನೆಲದ ಮೇಲೆ ಕೂತರು. "ಕೈ ಎಲ್ಲಿ ಇಡಬೇಕು ಅಂದೆ? ಇನ್ನೊಂದು ಸಲ ತೋರ್ಸು" ಅಂದರು.